‘ಮೂಲಕ’ವೋ ‘ಒಡನೆ’ಯೋ: ಸಂತ ಬಾಸಿಲರ ಸ್ತುತಿವಾಕ್ಯದ ವಿವಾದ

ಕಪ್ಪದೋಕ್ಯ ಸೀಮೆಯ ಸೆಜರೇಯದಲ್ಲಿ ಧರ್ಮಾಧ್ಯಕ್ಷ ಬಾಸಿಲರು ಜನರೊಡನೆ ಪ್ರಾರ್ಥಿಸುತ್ತ ಪಿತದೇವರ ಸ್ತುತಿಯನ್ನು ಎರಡು ಬಗೆಯಾಗಿ ಮುಗಿಸುತ್ತಿದ್ದರು. ಒಮ್ಮೆ ‘ಸುತರ ಮೂಲಕ, ಪವಿತ್ರಾತ್ಮರಲ್ಲಿ’ ಎಂದರೆ, ಇನ್ನೊಮ್ಮೆ ‘ಸುತರೊಡನೆ, ಪವಿತ್ರಾತ್ಮರ ಸಹಿತ’ ಎನ್ನುತ್ತಿದ್ದರು. ನೆರೆದವರಲ್ಲಿ ಕೆಲವರು ಇದನ್ನು ಆಕ್ಷೇಪಿಸಿದರು: ಈ ಮಾತುಗಳು ಅಪೂರ್ವ, ಮೇಲಾಗಿ ಪರಸ್ಪರ ವಿರುದ್ಧ. ಇಕೋನಿಯದ ಧರ್ಮಾಧ್ಯಕ್ಷ ಆಂಫಿಲೋಕಿಯರು ವಿವರಣೆ ಕೋರಿದಾಗ ಹುಟ್ಟಿದ ಉತ್ತರವೇ ಸುಮಾರು 375ರಲ್ಲಿ ಪೂರ್ಣಗೊಂಡ ‘ಪವಿತ್ರಾತ್ಮರನ್ನು ಕುರಿತು’ ಎಂಬ ಗ್ರಂಥ.

ವಿರೋಧಿಗಳ ಆಧಾರ ವ್ಯಾಕರಣ. ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದಲ್ಲಿ (8:6) ಸಮಸ್ತವೂ ಪಿತರಿಂದ, ಪ್ರಭು ಕ್ರಿಸ್ತರ ಮೂಲಕ ಎಂದಿದೆ. ಪದ ಬೇರೆಯಾದರೆ ಸ್ವಭಾವವೂ ಬೇರೆ ಎಂದು ಏಟಿಯಸನು ಕಲಿಸಿದ್ದನು. ‘ಇಂದ’ ಎಂಬುದು ಕರ್ತೃವಿಗೆ, ‘ಮೂಲಕ’ ಉಪಕರಣಕ್ಕೆ, ‘ಅಲ್ಲಿ’ ಕಾಲಕ್ಕೋ ಸ್ಥಳಕ್ಕೋ ಸಲ್ಲುವುದಂತೆ. ಹೀಗೆ ಸುತರು ಬಡಗಿಯ ಕೈಯ ಬಾಚಿಯ ಮಟ್ಟಕ್ಕಿಳಿದರು. ಪವಿತ್ರಾತ್ಮರು ಬರಿಯ ಆವರಣವಾದರು. ಬಾಸಿಲರು ಧರ್ಮಗ್ರಂಥವನ್ನೇ ಮುಂದಿಡುತ್ತಾರೆ. ಅದೇ ಪತ್ರದಲ್ಲಿ (1:9) ನಮ್ಮನ್ನು ಕರೆದ ದೇವರಿಗೇ ಗ್ರೀಕ್ ಮೂಲವು ‘ಮೂಲಕ’ ಎಂಬ ಪದವನ್ನು ಬಳಸಿದೆ. ಹಾಗಾದರೆ ಪಿತರೂ ಉಪಕರಣವೇ? (ಅನುವಾದದಲ್ಲಿ ಈ ಪದ ಸುಲಭವಾಗಿ ಮರೆಯಾಗುತ್ತದೆ; ಗ್ರೀಕ್ ಪಾಠಕ್ಕೆ ಬೇಸರಪಡುವ ಸಹೋದರರು ಗಮನಿಸಲಿ.)

ಆದರೂ ಬಾಸಿಲರು ಹಳೆಯ ರೂಪವನ್ನು ಕೈಬಿಡಲಿಲ್ಲ. ‘ಮೂಲಕ’, ‘ಅಲ್ಲಿ’ ಎಂಬವು ಕೃಪೆಯು ನಮ್ಮನ್ನು ತಲಪುವ ಬಗೆಯನ್ನೂ ನಾವು ಕೃತಜ್ಞರಾಗಿ ಹಿಂದಿರುಗುವ ಬಗೆಯನ್ನೂ ಹೇಳುತ್ತವೆ; ‘ಒಡನೆ’ ಎಂಬುದು ದೇವರಲ್ಲೇ ಇರುವ ಸಹಭಾಗಿತ್ವವನ್ನು ಸಾರುತ್ತದೆ. ಕ್ರಮವುಂಟು, ಪಿತರೇ ಮೂಲ. ಆದರೆ ಕ್ರಮವು ಅಂತಸ್ತಲ್ಲ. ತರಗತಿಯಲ್ಲಿ ಪಿತರನ್ನು ಮೇಲೆ, ಸುತರನ್ನು ಕೆಳಗೆ, ಪವಿತ್ರಾತ್ಮರನ್ನು ಇನ್ನೂ ಕೆಳಗೆ ಬರೆದು ಬಾಣ ಎಳೆಯುವ ಅಭ್ಯಾಸ ಕೆಲವು ವರ್ಷ ನನಗೂ ಇತ್ತು. ಬಾಸಿಲರ ದೃಷ್ಟಿಯೂ ಒಂದೇ ದಿನದಲ್ಲಿ ಪಕ್ವವಾದುದಲ್ಲ. ಸುಮಾರು ಹತ್ತು ವರ್ಷ ಮೊದಲು ಯೂನೋಮಿಯಸನನ್ನು ಖಂಡಿಸುವಾಗ, ಪವಿತ್ರಾತ್ಮರು ಕ್ರಮದಲ್ಲೂ ಗೌರವದಲ್ಲೂ ಮೂರನೆಯವರಾದರೂ ಸ್ವಭಾವದಲ್ಲಿ ಹಾಗಾಗಬೇಕಿಲ್ಲ ಎಂದು ಅವರು ವಾದಿಸಿದ್ದರು. 375ರ ವೇಳೆಗೆ ಅವರ ಮಾತು ಸಮಾನ ಗೌರವದ್ದು.

ಅಷ್ಟಾಗಿಯೂ ಆ ಗ್ರಂಥದಲ್ಲಿ ಪವಿತ್ರಾತ್ಮರನ್ನು ‘ದೇವರು’ ಎಂದು ಅವರು ನೇರವಾಗಿ ಕರೆಯಲಿಲ್ಲ. ಇಂಥದೇ ಮೌನಕ್ಕಾಗಿ ಒಂದು ಔತಣದಲ್ಲಿ ಸನ್ಯಾಸಿಯೊಬ್ಬರು ಬಾಸಿಲರನ್ನು ಹಳಿದರೆಂದೂ ತಾವು ಅವರ ಪರವಾಗಿ ನಿಂತರೆಂದೂ ಗೆಳೆಯ ನಾಜಿಯಾಂಜಸ್‌ನ ಗ್ರೆಗೊರಿಯವರು ಪತ್ರ ಬರೆದು ತಿಳಿಸಿದ್ದಾರೆ. ಅದು ಅಳುಕೆಂದೇ ನಾನೂ ವಿದ್ಯಾರ್ಥಿಯಾಗಿದ್ದಾಗ ಭಾವಿಸಿದ್ದೆ. ಈಗ ಹಾಗೆ ತೋರುವುದಿಲ್ಲ. ಒಡೆದ ಧರ್ಮಸಭೆಯಲ್ಲಿ ಅಂಜುಬುರುಕರನ್ನು ದೂರ ತಳ್ಳದೆ, ಅವರ ಬಾಯಲ್ಲಿ ಮೊದಲು ಆರಾಧನೆಯ ಮಾತನ್ನಿಡುವುದು ಅವರ ಉದ್ದೇಶವಾಗಿತ್ತು. ಗ್ರೆಗೊರಿಯವರಾದರೋ 380ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪ್ರವಚನಪೀಠದಿಂದ ಪವಿತ್ರಾತ್ಮರು ದೇವರೆಂದೂ ಪಿತರೊಡನೆ ಏಕಸತ್ವರೆಂದೂ ಮುಚ್ಚುಮರೆಯಿಲ್ಲದೆ ಸಾರಿದರು.

ಮರುವರ್ಷ ಅದೇ ನಗರದಲ್ಲಿ ಮಹಾಸಭೆ ಸೇರಿತು. ಬಾಸಿಲರು ಆಗ ಬದುಕಿರಲಿಲ್ಲ. ಗ್ರೆಗೊರಿಯವರು ನಡುವೆಯೇ ರಾಜೀನಾಮೆಯಿತ್ತು ಹೊರಟುಹೋದರು. ಆ ಸಭೆಯ ಹೆಸರಿನಲ್ಲಿ ನಾವು ಉಚ್ಚರಿಸುವ ವಿಶ್ವಾಸ ಪ್ರಮಾಣದಲ್ಲಿ ಪವಿತ್ರಾತ್ಮರ ಕುರಿತು ‘ಏಕಸತ್ವ’ ಎಂಬ ಪದವಿಲ್ಲ. ಅಲ್ಲಿರುವುದು, ಪಿತಸುತರೊಡನೆ ಆರಾಧನೆಯನ್ನೂ ಮಹಿಮೆಯನ್ನೂ ಹೊಂದುವವರು ಎಂಬ, ಸೆಜರೇಯದಲ್ಲಿ ಕೆಲವರನ್ನು ಕೆರಳಿಸಿದ್ದ ಆ ‘ಒಡನೆ’.