ಚೈತ್ರದ ಬಿಸಿಲಿನಲ್ಲಿ ಕೂಸುಗಳಿಗೆ ಮನೆಯಲ್ಲೇ ಆಟ: ಪಾಲಕರಿಗೊಂದು ಕೈಪಿಡಿ

ರಾಯಚೂರು: ಬೇವು ಹೂ ಬಿಡುವ, ಮಾವು ಕಾಯಿ ಕಟ್ಟುವ ವಸಂತ ಋತು ಕೃಷ್ಣಾ-ತುಂಗಭದ್ರಾ ನದಿಗಳ ನಡುವಣ ಈ ಸೀಮೆಗೆ ಬಿಸಿಲಿನ ಮುನ್ಸೂಚನೆಯೂ ಹೌದು. ಮಾರ್ಚ್ ಮುಗಿಯುವಷ್ಟರಲ್ಲಿ ರಾಯಚೂರು, ದೇವದುರ್ಗ ಮತ್ತು ಮಾನ್ವಿ ಭಾಗಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್‌ನತ್ತ ಏರತೊಡಗುತ್ತದೆ. ಪರಿಣಾಮವಾಗಿ ಒಂದು ವರ್ಷದೊಳಗಿನ ಕೂಸುಗಳು ದಿನದ ಬಹುಪಾಲು ತೊಟ್ಟಿಲು, ಜೋಳಿಗೆ ಅಥವಾ ಮೊಬೈಲ್ ಪರದೆಯ ಮುಂದೆ ಕಳೆಯುವಂತಾಗುತ್ತದೆ. ಮಗುವಿನ ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಈ ಅವಧಿಯಲ್ಲಿ ಆಟ ತಪ್ಪಿಸುವುದು ಹಿತವಲ್ಲ. ಹಣ ಖರ್ಚಿಲ್ಲದೆ, ಮನೆಯ ನೆರಳಿನಲ್ಲೇ ಆಡಿಸಬಹುದಾದ ಆಟಗಳು ಮತ್ತು ಪಾಲಿಸಬೇಕಾದ ಎಚ್ಚರಿಕೆಗಳ ವಿವರ ಇಲ್ಲಿದೆ.

ಆಟ ಏಕೆ ಅವಶ್ಯ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ದೈಹಿಕ ಚಟುವಟಿಕೆ ಕುರಿತು ಮಾರ್ಗಸೂಚಿ ಪ್ರಕಟಿಸಿತು. ಅದರ ಪ್ರಕಾರ ಒಂದು ವರ್ಷದೊಳಗಿನ ಕೂಸು ದಿನಕ್ಕೆ ಹಲವು ಬಾರಿ ಚಟುವಟಿಕೆಯಿಂದಿರಬೇಕು. ಇನ್ನೂ ಅಂಬೆಗಾಲಿಡದ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಬೇಕು. ಒಂದೇ ಕಡೆ ಕಟ್ಟಿಹಾಕಿದಂತೆ ಒಂದು ಗಂಟೆಗಿಂತ ಹೆಚ್ಚು ಕಾಲ ಇರಿಸಬಾರದು. ಪರದೆ ವೀಕ್ಷಣೆ ಈ ವಯಸ್ಸಿಗೆ ಸಲ್ಲದು.

ಆಟದ ಫಲ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ಜಮೈಕಾ ದೇಶದ ಉದಾಹರಣೆಯಿದೆ. ಅಲ್ಲಿನ ಕಿಂಗ್‌ಸ್ಟನ್ ನಗರದಲ್ಲಿ 1980ರ ದಶಕದಲ್ಲಿ, ಅಪೌಷ್ಟಿಕತೆಯಿಂದ ಬೆಳವಣಿಗೆ ಕುಂಠಿತಗೊಂಡಿದ್ದ 129 ಮಕ್ಕಳ ಅಧ್ಯಯನ ನಡೆಯಿತು. ಆಯ್ದ ಮಕ್ಕಳ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಮ್ಮೆ ಭೇಟಿ ನೀಡಿ, ಮನೆಯಲ್ಲೇ ತಯಾರಿಸಿದ ಆಟಿಕೆಗಳಿಂದ ಮಗುವನ್ನು ಆಡಿಸುವ ರೀತಿಯನ್ನು ತಾಯಂದಿರಿಗೆ ಕಲಿಸಿದರು. ಸುಮಾರು 20 ವರ್ಷಗಳ ನಂತರ ನೋಡಿದಾಗ ಆ ಮಕ್ಕಳ ದುಡಿಮೆಯ ಗಳಿಕೆ ಉಳಿದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಮಕ್ಕಳ ಅಪೌಷ್ಟಿಕತೆಯ ವಿರುದ್ಧ ಇಂದಿಗೂ ಹೋರಾಡುತ್ತಿರುವ, 2018ರಲ್ಲಿ ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಸೇರಿದ ರಾಯಚೂರಿಗೆ ಇದು ಗಮನಾರ್ಹ ಸಂಗತಿ. ಆಹಾರದಷ್ಟೇ ಆಟವೂ ಮಗುವಿನ ಹಕ್ಕು ಎಂಬುದನ್ನು ಇದು ಮನವರಿಕೆ ಮಾಡಿಕೊಡುತ್ತದೆ.

ಸಮಯ ಮತ್ತು ಸ್ಥಳ

ಬೆಳಿಗ್ಗೆ 9 ಗಂಟೆಯೊಳಗೆ ಹಾಗೂ ಸಂಜೆ 5ರ ನಂತರದ ಹೊತ್ತು ಅಂಗಳದ ಆಟಕ್ಕೆ ಸೂಕ್ತ. ಉಳಿದ ಸಮಯದಲ್ಲಿ ಪಡಸಾಲೆಯೇ ಲೇಸು. ಮಣ್ಣಿನ ಮಾಳಿಗೆ ಮನೆಗಳು ಮಧ್ಯಾಹ್ನವೂ ಒಂದಿಷ್ಟು ತಂಪಾಗಿರುತ್ತವೆ. ತಗಡಿನ ಸೂರಿನ ಮನೆಗಳು ಬೇಗ ಕಾಯುವುದರಿಂದ ಅಂಥ ಮನೆಯವರು ಮಧ್ಯಾಹ್ನ ಕೂಸನ್ನು ನೆರೆಮನೆಯ ಪಡಸಾಲೆಗೋ ಬೇವಿನ ಮರದ ದಟ್ಟ ನೆರಳಿಗೋ ಕರೆದೊಯ್ಯುವುದು ಒಳ್ಳೆಯದು. ಫರಸಿ ಕಲ್ಲಿನ ನೆಲವನ್ನು ಒರೆಸಿ, ಒಣಗಿದ ಮೇಲೆ ಕೌದಿ ಹಾಸಿದರೆ ಆಟದ ಜಾಗ ಸಿದ್ಧ. ಬೇಸಿಗೆಯಲ್ಲಿ ಚೇಳುಗಳು ತಂಪು ಅರಸಿ ಮನೆ ಸೇರುವ ಕಾರಣ ಕೌದಿಯನ್ನು ಪ್ರತಿ ಬಾರಿಯೂ ಝಾಡಿಸಿಯೇ ಹಾಸಬೇಕು.

ಹುಟ್ಟಿನಿಂದ 3 ತಿಂಗಳವರೆಗೆ

ಎಳೆಗೂಸಿಗೆ 20ರಿಂದ 30 ಸೆಂ.ಮೀ. ದೂರದ ವಸ್ತು ಚೆನ್ನಾಗಿ ಕಾಣುತ್ತದೆ. ಎತ್ತಿಕೊಂಡ ತಾಯಿಯ ಮುಖ ಇರುವುದೂ ಅಷ್ಟೇ ದೂರದಲ್ಲಿ. ಆದ್ದರಿಂದ ತಾಯಿಯ ಮುಖವೇ ಮೊದಲ ಆಟಿಕೆ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿಸಿ, ಕೂಸು ಊಂ ಎಂದಾಗ ತಾನೂ ಊಂ ಎಂದು ಉತ್ತರಿಸಿದರೆ ಸಂಭಾಷಣೆಯ ಮೊದಲ ಪಾಠ ಅಲ್ಲಿಯೇ ಆರಂಭವಾಗುತ್ತದೆ. ಕಪ್ಪು-ಬಿಳುಪು ಗೆರೆಯ ಬಟ್ಟೆಯನ್ನು ಕಣ್ಣೆದುರು ನಿಧಾನವಾಗಿ ಅತ್ತಿತ್ತ ಸರಿಸಬಹುದು. ಬೋರಲು ಆಟವನ್ನು ಎರಡು-ಮೂರು ನಿಮಿಷದಿಂದ ಶುರು ಮಾಡಿ ಕ್ರಮೇಣ ಹೆಚ್ಚಿಸಬೇಕು. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು.

ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಈ ಗಡಿ ಸೀಮೆಯಲ್ಲಿ ಮನೆಮಾತಿನಲ್ಲೇ ಕೂಸಿನೊಡನೆ ಮಾತನಾಡಬೇಕು. ಒಂದಕ್ಕಿಂತ ಹೆಚ್ಚು ಭಾಷೆ ಕೇಳುವುದರಿಂದ ಮಾತು ತಡವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

4ರಿಂದ 6 ತಿಂಗಳು

ಈ ವಯಸ್ಸಿನಲ್ಲಿ ಕೂಸು ಕೈಗೆ ಸಿಕ್ಕಿದ್ದನ್ನು ಹಿಡಿದು ಬಾಯಿಗಿಡುತ್ತದೆ. ತೊಳೆದ ಮರದ ಸೌಟು, ಗಂಟು ಹಾಕಿದ ಹತ್ತಿ ಬಟ್ಟೆ, ಗಿಲಕಿ ಕೊಡಬಹುದು. ಯುಗಾದಿಯ ತೋರಣ ಕಟ್ಟುವಾಗ ತೊಳೆದ ಮಾವಿನೆಲೆಯನ್ನು ಅಂಗೈಗೆ, ಕೆನ್ನೆಗೆ ಸವರಿ ತೋರಿಸಿದರೆ ಸ್ಪರ್ಶದ ಅನುಭವ ದೊರೆಯುತ್ತದೆ. ಎಲೆ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು. ಮುಂಜಾನೆ ಕೋಗಿಲೆ ಕೂಗಿದಾಗ ದನಿ ಬಂದ ದಿಕ್ಕನ್ನು ತೋರಿಸಿ ಅನುಕರಿಸುವುದು ಕಿವಿಗೆ ಉತ್ತಮ ಅಭ್ಯಾಸ.

7ರಿಂದ 9 ತಿಂಗಳು

ಆಟಿಕೆಯನ್ನು ಬಟ್ಟೆಯಡಿ ಮುಚ್ಚಿಟ್ಟು ಹುಡುಕಿಸುವ ಆಟ ಈ ಹಂತಕ್ಕೆ ಹೇಳಿ ಮಾಡಿಸಿದ್ದು. ಕಣ್ಣಿಗೆ ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂಬ ತಿಳಿವಳಿಕೆ ಇದರಿಂದ ಗಟ್ಟಿಯಾಗುತ್ತದೆ. ಸೆರಗಿನ ಮರೆಯಿಂದ ಇಣುಕುವುದು, ಚಪ್ಪಾಳೆ ತಟ್ಟುವುದು, ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಾರಿಸುವುದು ಕೂಸಿಗೆ ಪ್ರಿಯ. ಚೆಂಡನ್ನು ತುಸು ದೂರ ಉರುಳಿಸಿದರೆ ತೆವಳಲು ಪ್ರೇರಣೆಯಾಗುತ್ತದೆ.

10ರಿಂದ 12 ತಿಂಗಳು

ಬುಟ್ಟಿಯೊಳಗೆ ಬಟ್ಟಲುಗಳನ್ನು ಹಾಕುವುದು, ತೆಗೆಯುವುದು, ಒಂದರ ಮೇಲೊಂದು ಪೇರಿಸುವುದು, ಕೆಡವುವುದು ಗಂಟೆಗಟ್ಟಲೆ ನಡೆಯುವ ಆಟ. ಸಂಜೆ ಅಗಲವಾದ ಬುಟ್ಟಿಗೆ (ಟಬ್) ಎರಡು ಅಂಗುಲದಷ್ಟು ನೀರು ಹಾಕಿ ಆಡಿಸಿದರೆ ಮೈಯೂ ತಂಪಾಗುತ್ತದೆ. ಆದರೆ ದೊಡ್ಡವರು ಕೈಗೆಟಕುವಷ್ಟು ಸಮೀಪದಲ್ಲೇ ಕುಳಿತಿರಬೇಕು. ಆಟ ಮುಗಿದ ಕೂಡಲೇ ನೀರು ಚೆಲ್ಲಬೇಕು. ಆಡುವ ನೀರು ಹೇಗೂ ಬಾಯಿಗೆ ಹೋಗುತ್ತದೆ. ಆದ್ದರಿಂದ ಕುದಿಸಿ ಆರಿಸಿದ ನೀರೇ ಕ್ಷೇಮ. 2022ರ ಮೇ ತಿಂಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಸಾವು ಸಂಭವಿಸಿದ್ದನ್ನು ಮರೆಯಲಾಗದು.

ಗಾಲಿಯ ವಾಕರ್‌ನಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿನಿಂದ ಉರುಳಿ ಬೀಳುವ ಅಪಾಯದ ಕಾರಣ ಕೆನಡಾ ದೇಶ 2004ರಲ್ಲಿ ಅದನ್ನು ನಿಷೇಧಿಸಿತು. ಗೋಡೆ, ಮಂಚ ಹಿಡಿದು ನಡೆಯಲು ಬಿಡುವುದೇ ಉತ್ತಮ.

ಪಾಲಿಸಬೇಕಾದ ಎಚ್ಚರಿಕೆಗಳು

* ಶೇಂಗಾ, ಕಡಲೆ, ಹುಣಸೆ ಬೀಜ, ಗುಂಡಿ, ನಾಣ್ಯಗಳು ಕೂಸಿನ ಕೈಗೆ ಸಿಗಬಾರದು. ಇವು ಶ್ವಾಸನಾಳದಲ್ಲಿ ಸಿಲುಕಿದರೆ ಜೀವಕ್ಕೇ ಅಪಾಯ.
* ಅಂಗಳದಲ್ಲಿ ಒಣಮೆಣಸಿನಕಾಯಿ ಹರವಿದ್ದರೆ ಕೂಸನ್ನು ದೂರವಿಡಬೇಕು. ಮೆಣಸಿನಕಾಯಿ ಮುಟ್ಟಿದವರು ಸಾಬೂನಿನಿಂದ ಕೈ ತೊಳೆದೇ ಕೂಸನ್ನು ಎತ್ತಿಕೊಳ್ಳಬೇಕು.
* ಹತ್ತಿ, ಭತ್ತಕ್ಕೆ ಸಿಂಪಡಿಸುವ ಕ್ರಿಮಿನಾಶಕದ ಖಾಲಿ ಡಬ್ಬಿಗಳನ್ನು ಎಷ್ಟೇ ತೊಳೆದರೂ ಆಟಿಕೆಯಾಗಿ ಅಥವಾ ನೀರಿಗಾಗಿ ಬಳಸಕೂಡದು.
* ಕೂಲರ್‌ನ ವೈರ್, ತುಂಬಿದ ಬಕೆಟ್, ಮುಚ್ಚಳವಿಲ್ಲದ ನೀರಿನ ತೊಟ್ಟಿಗಳ ಬಗ್ಗೆ ನಿಗಾ ಇರಲಿ.
* ಹೋಳಿಯ ರಾಸಾಯನಿಕ ಬಣ್ಣ ಕೂಸಿನ ಚರ್ಮಕ್ಕೆ, ಕಣ್ಣಿಗೆ ಸೋಕಬಾರದು.
* ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಬೇಕು. 2021ರ ಜನವರಿ 1ರಿಂದ ಇದನ್ನು ಕಡ್ಡಾಯಗೊಳಿಸಲಾಗಿದೆ.
* ಆರು ತಿಂಗಳವರೆಗೆ ಎಂಥ ಬಿಸಿಲಿನಲ್ಲೂ ತಾಯಿಯ ಹಾಲೇ ಸಾಕು, ನೀರು ಬೇಡ. ಹಾಲುಣಿಸುವ ಸರದಿ ಹೆಚ್ಚಿಸಬೇಕು. ಒಂದು ವರ್ಷದೊಳಗೆ ಜೇನು ನೆಕ್ಕಿಸಬಾರದು.

ಬಾಯಿ ಒಣಗುವುದು, ಮೂತ್ರ ಕಡಿಮೆಯಾಗುವುದು, ನೆತ್ತಿ ಕುಳಿಬೀಳುವುದು, ಕೂಸು ಮಂಕಾಗುವುದು ನಿರ್ಜಲೀಕರಣದ ಲಕ್ಷಣಗಳು. ಆಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬಹುದು.

ದುಡಿಯುವ ತಾಯಂದಿರ ಕೂಸುಗಳು

ದೇವದುರ್ಗ, ಮಾನ್ವಿ ಭಾಗದ ಅನೇಕ ಕುಟುಂಬಗಳು ಬೇಸಿಗೆಯಲ್ಲಿ ಬೆಂಗಳೂರು ಮುಂತಾದೆಡೆಗೆ ಗುಳೆ ಹೋಗುತ್ತವೆ. ಕಟ್ಟಡ ಕಾಮಗಾರಿಯ ಬದಿಯಲ್ಲಿ ಬೆಳೆಯುವ ಈ ಕೂಸುಗಳಿಗೆ ಪಡಸಾಲೆಯೂ ಇಲ್ಲ, ಅಜ್ಜಿಯೂ ಇಲ್ಲ. ಅಂಥ ತಾಯಂದಿರು ಹಾಲುಣಿಸುವಾಗ, ಮೀಸುವಾಗ, ಬಟ್ಟೆ ತೊಡಿಸುವಾಗ ಮಾತನಾಡಿಸುತ್ತ, ಬೆರಳು ಎಣಿಸುತ್ತ ಆಡಿಸಿದರೂ ಅದು ಆಟವೇ. ಊರಲ್ಲೇ ಉಳಿದು ಕೂಲಿಗೆ ಹೋಗುವವರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 'ಕೂಸಿನ ಮನೆ' ಯೋಜನೆ ಘೋಷಿಸಿತು. ತಮ್ಮ ಊರಿನಲ್ಲಿ ಕೇಂದ್ರವಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಯಾವಾಗ ವೈದ್ಯರನ್ನು ಕಾಣಬೇಕು?

ಎಲ್ಲ ಕೂಸುಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಅಧ್ಯಯನದಂತೆ ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ, ಸ್ವತಂತ್ರವಾಗಿ ನಡೆಯುವುದು ಸುಮಾರು 8ರಿಂದ 18 ತಿಂಗಳೊಳಗೆ ಸಾಧ್ಯವಾಗುತ್ತದೆ. ಆದರೆ 3 ತಿಂಗಳಾದರೂ ನಗದಿದ್ದರೆ, 5 ತಿಂಗಳಾದರೂ ಕತ್ತು ನಿಲ್ಲದಿದ್ದರೆ, ದೊಡ್ಡ ಸದ್ದಿಗೂ ಬೆಚ್ಚದಿದ್ದರೆ ಅಥವಾ ಕಲಿತಿದ್ದನ್ನು ಕಳೆದುಕೊಂಡರೆ ಪರೀಕ್ಷೆ ಮಾಡಿಸಬೇಕು. ಮನೆ ಭೇಟಿಗೆ ಬರುವ ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿಯಲ್ಲಿ ತಿಳಿಸಿದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಉಚಿತ ತಪಾಸಣೆ ಹಾಗೂ ಚಿಕಿತ್ಸೆಗೆ ಅವಕಾಶವಿದೆ. 'ನೋಡೋಣ, ದೊಡ್ಡದಾದರೆ ಸರಿಹೋಗುತ್ತದೆ' ಎಂದು ಕಾಯುವುದಕ್ಕಿಂತ ಮೊದಲ ವರ್ಷದಲ್ಲೇ ತೋರಿಸುವುದು ಮಗುವಿಗೆ ಹೆಚ್ಚು ಅನುಕೂಲ.