ಕ್ಷಯದ ಮಾತ್ರೆ: ಅಡ್ಡಪರಿಣಾಮಗಳು

ಕೆ.ಆರ್.ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಸಾಮಾನ್ಯ ಕ್ಷಯಕ್ಕೆ ಸರ್ಕಾರ ಉಚಿತವಾಗಿ ಕೊಡುವ ಚಿಕಿತ್ಸೆ ಒಂದೇ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಕೂಡಿದ ಮಾತ್ರೆಯನ್ನು ಮೊದಲ 2 ತಿಂಗಳು ತೂಕಕ್ಕೆ ತಕ್ಕಂತೆ ದಿನವೂ ನುಂಗಬೇಕು; ಮುಂದಿನ 4 ತಿಂಗಳು ಪೈರಜಿನಮೈಡ್ ಇರುವುದಿಲ್ಲ. ಕೆಮ್ಮು ನಿಂತಿತೆಂದು ಬಿಡುವವರಿದ್ದಾರೆ. ‘ಮಾತ್ರೆ ಉಷ್ಣ, ಮೈಗೆ ಒಗ್ಗುತ್ತಿಲ್ಲ’ ಎಂದು ಯಾರಿಗೂ ಹೇಳದೆ ಬಿಡುವವರೂ ಇದ್ದಾರೆ. ನನಗೆ ಹೆಚ್ಚು ಚಿಂತೆ ಇವರದೇ. ಒಗ್ಗದ ಔಷಧಿಗೆ ದಾರಿಯುಂಟು, ಆದರೆ ಆಸ್ಪತ್ರೆಯವರಿಗೆ ವಿಷಯ ತಿಳಿಯಬೇಕು.

ಹೆದರಬೇಕಿಲ್ಲದವು

ರಿಫಾಂಪಿಸಿನ್ ಮೂತ್ರ, ಬೆವರು, ಕಣ್ಣೀರಿಗೆ ಕೆಂಪು-ಕಿತ್ತಳೆ ಬಣ್ಣ ತರುತ್ತದೆ. ಅದು ರಕ್ತವಲ್ಲ. ಮೊದಲ ದಿನವೇ ಯಾರಾದರೂ ಇದನ್ನು ಹೇಳಿದರೆ ಎಷ್ಟೋ ಜನರ ಗಾಬರಿ ತಪ್ಪುತ್ತದೆ. ಹೊಟ್ಟೆ ತೊಳಸುವುದು, ಸಣ್ಣ ತುರಿಕೆ, ಪೈರಜಿನಮೈಡ್‌ನಿಂದ ಬರುವ ಕೀಲುನೋವು ಇವುಗಳಿಗೆ ಮಾತ್ರೆ ನಿಲ್ಲಿಸದೆಯೇ ಪರಿಹಾರವಿದೆ. ಐಸೋನಿಯಾಜಿಡ್‌ನಿಂದ ಅಂಗಾಲು ಉರಿ, ಜೋಮು ಬಂದರೆ ಬಿ6 ಜೀವಸತ್ವ ಕೊಡುತ್ತಾರೆ.

ಕಾಮಾಲೆ

ಅತಿ ಗಂಭೀರವಾದದ್ದು ಯಕೃತ್ತಿನ ಉರಿಯೂತ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಇದನ್ನು ತರಬಲ್ಲವು. ಮದ್ಯ ಕುಡಿಯುವವರು, ವಯಸ್ಸಾದವರು, ಮೊದಲೇ ಯಕೃತ್ತಿನ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಊಟ ಸೇರದು, ವಾಂತಿ ನಿಲ್ಲದು, ಆಮೇಲೆ ಕಣ್ಣು ಹಳದಿಯಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ಕಾಮಾಲೆಗೆ ಬೇರು-ಸೊಪ್ಪು ಕೊಡುವವರು. ಕ್ಷಯದ ಮಾತ್ರೆಯನ್ನೂ ನುಂಗುತ್ತ ನಾಟಿ ಔಷಧಿಗೆ ಕಾಯುತ್ತ ಕೂತರೆ ಜೀವಕ್ಕೇ ಕುತ್ತು. ಆ ದಿನದ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವ ಸಹಜ ಮಿತಿಯ 5 ಪಟ್ಟು ಮೀರಿದರೆ, ಲಕ್ಷಣಗಳಿದ್ದಾಗ 3 ಪಟ್ಟು ಮೀರಿದರೂ, ವೈದ್ಯರು ಆ ಔಷಧಿಗಳನ್ನು ತಡೆಯುತ್ತಾರೆ. ಕಿಣ್ವ ಇಳಿದ ಮೇಲೆ ಒಂದೊಂದೇ ಔಷಧಿಯನ್ನು ಮತ್ತೆ ಶುರುಮಾಡಿ, ತೊಂದರೆ ಕೊಟ್ಟದ್ದನ್ನು ಗುರುತಿಸಿ, ಅದನ್ನು ಬಿಟ್ಟು ಚಿಕಿತ್ಸೆ ಮುಗಿಸುತ್ತಾರೆ.

ಕಣ್ಣು, ಚರ್ಮ

ಎಥಾಂಬುಟಾಲ್ ದೃಷ್ಟಿನರಕ್ಕೆ ಪೆಟ್ಟು ಕೊಡಬಹುದು. ನೋಟ ಮಸುಕಾದರೆ, ಕೆಂಪು-ಹಸಿರು ಬೇರೆಬೇರೆ ಕಾಣದಿದ್ದರೆ ತಡಮಾಡಬಾರದು. ಮೈತುಂಬ ಗುಳ್ಳೆ, ಬಾಯಲ್ಲಿ ಹುಣ್ಣು ಎದ್ದರೂ ಅಷ್ಟೇ.

ಬೇರೆ ಔಷಧಿಗಳೊಂದಿಗೆ

ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸುತ್ತದೆ. ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳದ್ದೂ ಹಾಗೆಯೇ. ಆದ್ದರಿಂದ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಬೇಕು.

ಎಲ್ಲಿ ಹೇಳುವುದು

ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಕೆ.ಆರ್.ಪೇಟೆಯ ತಾಲ್ಲೂಕು ಆಸ್ಪತ್ರೆ, ಬೇಕಾದರೆ ಮಂಡ್ಯದ ಮಿಮ್ಸ್ ಆಸ್ಪತ್ರೆ. ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನ ಪಿ.ಕೆ.ಟಿ.ಬಿ. ಆಸ್ಪತ್ರೆ ಮೈಸೂರಿನಲ್ಲಿದೆ, ಅಕ್ಕಿಹೆಬ್ಬಾಳಿನಿಂದ ರೈಲಿನಲ್ಲೂ ಹೋಗಬಹುದು. ಔಷಧಿಯ ಅಡ್ಡಪರಿಣಾಮವನ್ನು ರೋಗಿಯೇ ವರದಿ ಮಾಡಲು 2010ರಲ್ಲಿ ಶುರುವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ: 1800-180-3024.