ಮಂಗನ ಕಾಯಿಲೆ ಮತ್ತು ಉಪ್ಪನ ಅಂಗಡಿಯ ಜಗಲಿ

ಇಚಲಕರಂಜಿಗೆ ಅಂಟಿಕೊಂಡಿರುವ ಶಹಾಪುರದಲ್ಲಿ ನನ್ನ ಕೆಲಸ, ಪವರ್‌ಲೂಮ್ ರಿಪೇರಿ. ನಮ್ಮ ಶೆಡ್ಡಿನಲ್ಲಿ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ಕಡೆಯ ಹುಡುಗನೊಬ್ಬನಿದ್ದಾನೆ. ಮಾರ್ಚ್ ಬಂತೆಂದರೆ ರಜೆ ಹಾಕಿ ಗೇರುಬೀಜ ಹೆಕ್ಕಲು ಊರಿಗೆ ಹೋಗುವವನು. ಒಂದು ವರ್ಷ ಹೋಗಲಿಲ್ಲ. ಯಾಕೋ ಎಂದು ಕೇಳಿದರೆ, "ಆಯಿ ಬರಬೇಡ ಅಂದಳು, ಗುಡ್ಡದಲ್ಲಿ ಮಾಕಡತಾಪ ಉಂಟಂತೆ" ಎಂದ.

ಮಾಕಡ ಎಂದರೆ ಮಂಗ, ತಾಪ ಎಂದರೆ ಜ್ವರ. ನಮ್ಮ ಮಂಗನ ಕಾಯಿಲೆಯೇ. ರಾತ್ರಿ ಮನೆಗೆ ಫೋನ್ ಮಾಡಿದಾಗ ಉಪ್ಪನಿಗೆ ಈ ಸುದ್ದಿ ಹೇಳಿದೆ. ಉಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ನೀನು ಓದಿದವನಲ್ಲವಾ, ಅದು ಮನುಷ್ಯರಿಂದ ಮನುಷ್ಯರಿಗೆ ಬರ್ತದಾ?"

ಉತ್ತರ ನನಗೆ ಗೊತ್ತಿರಲಿಲ್ಲ. ಓದಲು ಶುರು ಮಾಡಿದ್ದು ಆ ಪ್ರಶ್ನೆಯಿಂದ.

ಈ ಕಾಯಿಲೆಗೆ ಹೆಸರು ಕೊಟ್ಟದ್ದು ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡು. 1957ರ ಆರಂಭದಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು. ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿ ಆಗ ಐದು ವರ್ಷ ಆಗಿತ್ತಷ್ಟೇ. ಅದನ್ನು ಕಟ್ಟಿದವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ; ಈಗ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ನಿರ್ದೇಶಕ ಟೆಲ್‌ಫರ್ಡ್ ವರ್ಕ್ ಮತ್ತು ತಂಡದವರಿಗೆ ಮೊದಲು ಬಂದ ಹೆದರಿಕೆ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ. ಅದನ್ನು ಹರಡುವ ಸೊಳ್ಳೆ ನಮ್ಮ ದೇಶದಲ್ಲಿ ಧಾರಾಳ ಉಂಟು, ಜ್ವರ ಮಾತ್ರ ಇಲ್ಲಿಗೆ ಬಂದದ್ದೇ ಇಲ್ಲ.

ಪರೀಕ್ಷೆ ಮಾಡಿದರೆ ಬೇರೆಯೇ ವೈರಸ್. ಅದರ ಹತ್ತಿರದ ಸಂಬಂಧಿ ಇದ್ದದ್ದು ರಷ್ಯಾದಲ್ಲಿ, ಮಿದುಳಿಗೆ ಬರುವ ಒಂದು ಜ್ವರದ ವೈರಸ್. ಹಾಗಾದರೆ ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ತಂದವೇನೋ ಎಂಬ ಸಂಶಯ ಹುಟ್ಟಿತು. ಸಲೀಂ ಅಲಿಯವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ 1959ರಲ್ಲಿ ಶುರು ಮಾಡಿದ ಹಕ್ಕಿ ವಲಸೆಯ ದೊಡ್ಡ ಅಧ್ಯಯನಕ್ಕೆ ಹಣ ಸಿಗಲು ಈ ಸಂಶಯವೂ ಒಂದು ಕಾರಣ. ಹಕ್ಕಿಗಳ ಕಾಲಿಗೆ ಬಳೆ ಹಾಕಿ ಸಾಕಷ್ಟು ಕಲಿತರು, ಆದರೆ ಕ್ಯಾಸನೂರಿನ ವೈರಸ್ಸನ್ನು ಹಕ್ಕಿ ತಂದದ್ದೆಂದು ತೋರಿಸಲು ಆಗಲಿಲ್ಲ.

ನಿಜವಾದ ದಾರಿ ಕಾಲಡಿಯ ತರಗೆಲೆಯಲ್ಲಿತ್ತು. ಉಣ್ಣಿ. ಮಲೆನಾಡಿನವರು ಉಣುಗು ಎನ್ನುತ್ತಾರೆ. ಕಾಡಿನ ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳು ಮತ್ತು ಉಣ್ಣಿಗಳ ನಡುವೆ ವೈರಸ್ ಸುತ್ತುತ್ತಲೇ ಇರುತ್ತದೆ. ಒಮ್ಮೆ ಉಣ್ಣಿಯೊಳಗೆ ಹೋದರೆ ಅದು ಮರಿಯಿಂದ ದೊಡ್ಡದಾಗುವವರೆಗೂ ಜೊತೆಗಿರುತ್ತದೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಎಳೆಯ ಉಣ್ಣಿ, ಸಾಸಿವೆಗಿಂತಲೂ ಚಿಕ್ಕದು, ಕಚ್ಚಿದ್ದೇ ಗೊತ್ತಾಗುವುದಿಲ್ಲ. ಅವುಗಳ ಕಾಲ ನವೆಂಬರಿನಿಂದ ಮೇವರೆಗೆ. ತರಗೆಲೆ ಗುಡಿಸುವುದು, ಸೌದೆ ತರುವುದು, ಗೇರುಬೀಜ ಹೆಕ್ಕುವುದು ಎಲ್ಲ ಅದೇ ತಿಂಗಳುಗಳಲ್ಲಿ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣ್ಣಿಗಳಿಗೆ ರಕ್ತ ಸಿಗುವುದು ಅವುಗಳಿಂದ. ಕಾಡಿಗೆ ಮೇಯಲು ಬಿಟ್ಟ ದನ ಹೆಚ್ಚಿದಂತೆ ಉಣ್ಣಿಯೂ ಹೆಚ್ಚುತ್ತದೆ.

ಮಂಗ ಪಾಪ, ನಮ್ಮ ಹಾಗೆ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಅದು ಸತ್ತು ಬಿದ್ದಾಗ ಮೈಮೇಲಿನ ಉಣ್ಣಿಗಳೆಲ್ಲ ಇಳಿದು ಅಲ್ಲೇ ಸುತ್ತ ಹರಡುತ್ತವೆ. ಸತ್ತ ಮಂಗದ ಹತ್ತಿರ ಹೋಗಬೇಡಿ, ಇಲಾಖೆಗೆ ತಿಳಿಸಿ ಎನ್ನುವುದು ಅದಕ್ಕೇ. ಹೆಸರು ಮಾತ್ರ ಮಂಗನ ತಲೆಗೆ ಬಂತು.

ಮೈಯೊಳಗೆ ಹೋದ ಮೇಲೆ ವೈರಸ್ ಏನು ಮಾಡುತ್ತದೆ ಎನ್ನುವುದು ನನಗೆ ಅರ್ಥವಾದದ್ದು ಮಗ್ಗದ ಮುಂದೆ ನಿಂತಾಗ. ಜಕಾರ್ಡ್ ಮಗ್ಗದಲ್ಲಿ ತೂತು ಹೊಡೆದ ಕಾರ್ಡುಗಳ ಒಂದು ಸರಣಿ ಇರುತ್ತದೆ. ಯಾವ ನೂಲು ಏಳಬೇಕೆಂದು ಹೇಳುವುದು ಆ ತೂತುಗಳು. ಕಾರ್ಡಿಗೆ ಮೋಟಾರಿಲ್ಲ, ಲಾಳಿಯಿಲ್ಲ, ತಾನಾಗಿ ಒಂದು ಎಳೆಯನ್ನೂ ನೇಯಲಾರದು. ವೈರಸ್ಸೂ ಬರೀ ಕಾರ್ಡು. ಈ ವೈರಸ್ಸಿನದ್ದು ಸುಮಾರು 11,000 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ, ಸುತ್ತ ಒಂದು ಹೊದಿಕೆ. ಉಣ್ಣಿಯ ಜೊಲ್ಲಿನ ಜೊತೆ ಒಳಬಂದು ಜೀವಕೋಶಕ್ಕೆ ಅಂಟಿ, ಒಳಹೊಕ್ಕು, ತನ್ನ ಕಾರ್ಡನ್ನು ನಮ್ಮ ಮಗ್ಗಕ್ಕೆ ಹಾಕಿಬಿಡುತ್ತದೆ. ಮಗ್ಗ ನಮ್ಮದು, ನೂಲು ನಮ್ಮದು, ಕರೆಂಟೂ ನಮ್ಮದೇ. ತಯಾರಾಗುವುದು ಅದರ ಬಟ್ಟೆ. (ಒಂದು ವ್ಯತ್ಯಾಸ ಉಂಟು: ಇಲ್ಲಿ ಹೊಸ ಕಾರ್ಡುಗಳನ್ನೂ ಮಗ್ಗವೇ ಮಾಡಿಕೊಡುತ್ತದೆ. ಹೋಲಿಕೆಯನ್ನು ಅದಕ್ಕಿಂತ ಎಳೆದರೆ ಹರಿದೀತು.)

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಎದ್ದು ನಿಲ್ಲಲಾಗದಷ್ಟು ಮೈಕೈ ನೋವು. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಹೆಚ್ಚಿನವರು ಎರಡು ವಾರದಲ್ಲಿ ಏಳುತ್ತಾರೆ. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬಂದು, ನಡುಕ, ಕಣ್ಣು ಮಂಜು, ಬುದ್ಧಿ ಕಲಕಿದಂತೆ ಆಗುತ್ತದೆ. ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲ. ಲಸಿಕೆಯೊಂದಿತ್ತು, ಫಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ.

ಈಗ ನಮ್ಮೂರಿನ ವಿಷಯ. ಮೊದಲ ಹಲವು ವರ್ಷ ಈ ಕಾಯಿಲೆ ಸಾಗರ, ಸೊರಬದ ಸುತ್ತಮುತ್ತಲೇ ಇತ್ತು. 1982ರ ಹೊತ್ತಿಗೆ ಬೆಳ್ತಂಗಡಿ ತಾಲೂಕಿನಲ್ಲಿ ಕಾಣಿಸಿಕೊಂಡಿತು. ಅಲ್ಲಿ ಕಾಡು ಕಡಿದು ಗೇರು ನೆಡುವ ಕೆಲಸ ನಡೆದಿತ್ತು. ಕಡಿಯಲು ಹೋದವರು ಬಡವರು. ನಮ್ಮವರೂ ಇದ್ದರು, ಎಲ್ಲ ಜಾತಿಯವರೂ ಇದ್ದರು. 1983ರಲ್ಲಿ ಸಾವಿರಕ್ಕಿಂತ ಹೆಚ್ಚು ಜನರಿಗೆ ಜ್ವರ ಬಂತು.

ಉಪ್ಪ ಆಗಷ್ಟೇ ಸಣ್ಣ ದಿನಸಿ ಅಂಗಡಿ ಹಾಕಿದ್ದರು. ಗುಡ್ಡೆಗೆ ಕೆಲಸಕ್ಕೆ ಹೋಗುವ ಗಂಡಸೊಬ್ಬ ವಾರಕ್ಕೊಮ್ಮೆ ಅಕ್ಕಿ, ಬೆಲ್ಲ, ಹೊಗೆಸೊಪ್ಪು ಸಾಲಕ್ಕೆ ಒಯ್ಯುತ್ತಿದ್ದ. ಜ್ವರ ಬಂದು ಹನ್ನೊಂದನೇ ದಿನ ತೀರಿಕೊಂಡ. ಹದಿನೈದು ದಿನ ಕಳೆದು ಅವನ ಹೆಂಡತಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕಿಗೆ ಬಂದಳು. ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಉಪ್ಪ ಒಳಗಿಂದಲೇ ಕೈ ಅಡ್ಡ ಮಾಡಿ, ಅಂಗಳದಲ್ಲೇ ನಿಲ್ಲಲು ಹೇಳಿದರು. ಅಕ್ಕಿಯನ್ನು ಅಂಗಳದ ಕಲ್ಲಿನ ಮೇಲಿಟ್ಟು ಹಿಂದೆ ಸರಿದರು. ಆಕೆ ತೆಗೆದುಕೊಂಡು ಹೋದಳು. ಮತ್ತೆ ಬರಲಿಲ್ಲ. ಸಾಲದ ಪುಸ್ತಕದಲ್ಲಿ ಆ ಹೆಸರನ್ನು ಉಪ್ಪ ಹೊಡೆದು ಹಾಕಿದರಂತೆ. ಆ ವರ್ಷವೂ, ಮರುವರ್ಷವೂ ಅದೇ ಕಡೆಯ ಗೇರುಬೀಜವನ್ನು ತಕ್ಕಡಿಯಲ್ಲಿ ತೂಗಿ ಕೊಂಡರು. ಅದಕ್ಕೆ ಯಾರೂ ಹೆದರಲಿಲ್ಲ.

ವೈರಸ್ ಎಂದರೆ ಎಲ್ಲವೂ ಒಂದೇ ದಾರಿಯಲ್ಲಿ ಬರುವುದಿಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿದಾಗ ಅದರ ವೈರಸ್ ಬಂದದ್ದು ಕುಡಿಯುವ ನೀರಿನಲ್ಲಿ. ಕೊರೊನಾ ಬಂದದ್ದು ಉಸಿರಿನಲ್ಲಿ. ಉಪ್ಪ ಕೊರೊನಾ ಕಾಲದಲ್ಲಿ ಅಂಗಡಿಯ ಮುಂದೆ ಹಗ್ಗ ಕಟ್ಟಿದ್ದರು, ಅದು ಸರಿಯೇ ಇತ್ತು. 1983ರಲ್ಲಿ ಕೈ ಅಡ್ಡ ಮಾಡಿದ್ದಕ್ಕೆ ಮಾತ್ರ ಅರ್ಥವಿರಲಿಲ್ಲ.

ಕಾಯಿಲೆ ಆಮೇಲೆ ಘಟ್ಟದುದ್ದಕ್ಕೂ ಕಾಣಿಸಿಕೊಂಡಿತು. 2015ರಲ್ಲಿ ಗೋವಾದ ಸತ್ತರಿ ತಾಲೂಕಿನ ಪಾಳಿ, 2016ರಲ್ಲಿ ದೋಡಾಮಾರ್ಗ. ಅಲ್ಲೂ ಕೆಲಸ ಗೇರುಬೀಜ ಹೆಕ್ಕುವುದೇ. ನಮ್ಮ ಶೆಡ್ಡಿನ ಹುಡುಗನಿಗೆ ನಾನು ಹೇಳಿದ್ದಿಷ್ಟು: ಹೋಗಲೇಬೇಕಾದರೆ ಉದ್ದ ತೋಳಿನ ಅಂಗಿ ಹಾಕು, ಕೈಕಾಲಿಗೆ ಇಲಾಖೆಯವರು ಕೊಡುವ ಎಣ್ಣೆ ಹಚ್ಚು, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕು, ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳು.

ಉಪ್ಪನಿಗೂ ಫೋನ್ ಮಾಡಿದೆ. "ಇಲ್ಲ ಉಪ್ಪ, ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ" ಎಂದೆ.

"ಆ ಮಗುವಿಗೆ ಈಗ ನಲವತ್ತು ದಾಟಿರಬಹುದು" ಎಂದರು ಉಪ್ಪ. ಆಮೇಲೆ ಫೋನನ್ನು ಉಮ್ಮನ ಕೈಗೆ ಕೊಟ್ಟರು.